ಯಾಂತ್ರಿಕ ಕೈಗಡಿಯಾರದ ಸಮಯ ವ್ಯತ್ಯಾಸ

ಯಾಂತ್ರಿಕ ಕೈಗಡಿಯಾರದ ಸಮಯ ವ್ಯತ್ಯಾಸ ಎಂದರೆ ಕೀಲಿ ಕೊಟ್ಟು ನಡೆಸುವ ಅಥವಾ ಕೈಯ ಚಲನೆಯಿಂದ ತಾನಾಗಿಯೇ ಕೀಲಿ ಪಡೆಯುವ ಕೈಗಡಿಯಾರವು ನಿಜವಾದ ಸಮಯಕ್ಕಿಂತ ಮುಂದೆ ಓಡುವುದು ಅಥವಾ ಹಿಂದೆ ಬೀಳುವುದು. ಈ ಬಗೆಯ ಗಡಿಯಾರದಲ್ಲಿ ಬ್ಯಾಟರಿಯಾಗಲಿ ಸ್ಫಟಿಕವಾಗಲಿ ಇರುವುದಿಲ್ಲ. ಆದುದರಿಂದ ದಿನಕ್ಕೆ ಕೆಲವು ಸೆಕೆಂಡುಗಳ ವ್ಯತ್ಯಾಸ ಸಹಜ. ವ್ಯತ್ಯಾಸವು ನಿಮಿಷಗಳಷ್ಟಾದಾಗ ಅಥವಾ ದಿನದಿಂದ ದಿನಕ್ಕೆ ಬದಲಾಗತೊಡಗಿದಾಗ ಅದನ್ನು ದೋಷವೆಂದು ಪರಿಗಣಿಸಲಾಗುತ್ತದೆ. ಕಾಂತಪ್ರಭಾವ, ಒಣಗಿದ ಎಣ್ಣೆ, ಪೆಟ್ಟು, ತೇವಾಂಶ, ಸಾಕಷ್ಟು ಕೀಲಿ ಇಲ್ಲದಿರುವುದು ಮತ್ತು ಮುಳ್ಳುಗಳ ಸಡಿಲಿಕೆ ಇದರ ಮುಖ್ಯ ಕಾರಣಗಳು. ಪ್ರತಿಯೊಂದು ಕಾರಣಕ್ಕೂ ತನ್ನದೇ ಆದ ಲಕ್ಷಣವಿರುವುದರಿಂದ ಗಡಿಯಾರವನ್ನು ಬಿಚ್ಚುವ ಮೊದಲೇ ದೋಷವನ್ನು ಬಹುಮಟ್ಟಿಗೆ ಊಹಿಸಬಹುದು. ಒಳಗಿರುವ ವೇಗನಿಯಂತ್ರಕ ಕಡ್ಡಿಯನ್ನು ಸರಿಸುವುದು ಎಲ್ಲ ಪರಿಶೀಲನೆಗಳ ಬಳಿಕದ ಕೊನೆಯ ಹೆಜ್ಜೆಯೇ ಹೊರತು ಮೊದಲನೆಯದಲ್ಲ.

ಕಾರ್ಯವಿಧಾನ

ಕೀಲಿ ಕೊಟ್ಟಾಗ ಒಂದು ಡಬ್ಬಿಯೊಳಗೆ ಸುತ್ತಿಟ್ಟಿರುವ ಮುಖ್ಯ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ನಿಧಾನವಾಗಿ ಸಡಿಲಗೊಳ್ಳುತ್ತ ಹಲ್ಲುಚಕ್ರಗಳ ಸಾಲನ್ನು ತಿರುಗಿಸುತ್ತದೆ. ಈ ಬಲವು ಒಮ್ಮೆಲೇ ಹರಿದುಹೋಗದಂತೆ ತಡೆದು ಸಮಾನ ಕಂತುಗಳಲ್ಲಿ ಬಿಡುವುದು ಎಸ್ಕೇಪ್ ಚಕ್ರ ಮತ್ತು ಪ್ಯಾಲೆಟ್ ಫೋರ್ಕ್ ಎಂಬ ಭಾಗಗಳ ಕೆಲಸ. ಕಿವಿಗೆ ಕೇಳಿಸುವ ಟಿಕ್ ಟಿಕ್ ಸದ್ದು ಇಲ್ಲಿಂದಲೇ ಹೊರಡುತ್ತದೆ.

ಈ ಕಂತುಗಳ ಕಾಲವನ್ನು ನಿರ್ಧರಿಸುವುದು ಬ್ಯಾಲೆನ್ಸ್ ಎಂದು ಕರೆಯಲಾಗುವ ಸಮತೋಲನ ಚಕ್ರ. ಅದಕ್ಕೆ ಕೂದಲೆಳೆಯಷ್ಟು ತೆಳುವಾದ, ಸುರುಳಿಯಾಕಾರದ ಹೇರ್‌ಸ್ಪ್ರಿಂಗ್ ಜೋಡಿಸಿರುತ್ತದೆ. ಗೋಡೆ ಗಡಿಯಾರದಲ್ಲಿ ಲೋಲಕವು ಮಾಡುವ ಕೆಲಸವನ್ನು ಕೈಗಡಿಯಾರದಲ್ಲಿ ಇವೆರಡೂ ಕೂಡಿ ಮಾಡುತ್ತವೆ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1675ರಲ್ಲಿ ಸುರುಳಿ ಸ್ಪ್ರಿಂಗ್ ಅಳವಡಿಸಿದ ಗಡಿಯಾರವನ್ನು ಪ್ರಕಟಪಡಿಸಿದನು. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಕಲ್ಪನೆ ತನ್ನದೆಂದು ವಾದಿಸಿದ್ದನು.

ಸುರುಳಿಯ ಕಾರ್ಯಕಾರಿ ಉದ್ದ ಕಡಿಮೆಯಾದರೆ ಗಡಿಯಾರ ವೇಗವಾಗಿ ನಡೆಯುತ್ತದೆ, ಹೆಚ್ಚಾದರೆ ನಿಧಾನವಾಗುತ್ತದೆ. ಮುಂದೆ ವಿವರಿಸಲಾದ ಹಲವು ದೋಷಗಳ ಮೂಲ ಈ ಒಂದೇ ನಿಯಮದಲ್ಲಿದೆ.

ಸಹಜ ವ್ಯತ್ಯಾಸದ ಮಿತಿ

ಗಂಟೆಗೆ 18,000 ಮಿಡಿತಗಳ ಗಡಿಯಾರವು ಸೆಕೆಂಡಿಗೆ 5 ಬಾರಿ, ಒಂದು ದಿನದಲ್ಲಿ 4,32,000 ಬಾರಿ ಮಿಡಿಯುತ್ತದೆ. ಒಂದು ದಿನದಲ್ಲಿರುವುದು 86,400 ಸೆಕೆಂಡುಗಳು. ಆದ್ದರಿಂದ ದಿನಕ್ಕೆ 30 ಸೆಕೆಂಡು ತಪ್ಪುವ ಗಡಿಯಾರದ ದೋಷವು ಶೇಕಡಾ 0.035ರಷ್ಟು ಮಾತ್ರ. ಅಂದರೆ ಅದು ಶೇಕಡಾ 99.96ಕ್ಕಿಂತಲೂ ಹೆಚ್ಚು ನಿಖರವಾಗಿರುತ್ತದೆ.

ಸ್ವಿಟ್ಜರ್‌ಲೆಂಡಿನ ಸಿಒಎಸ್‌ಸಿ ಎಂಬ ಪರೀಕ್ಷಾ ಸಂಸ್ಥೆಯು ಕ್ರೋನೋಮೀಟರ್ ಎಂದು ಪ್ರಮಾಣೀಕರಿಸುವ ಯಾಂತ್ರಿಕ ಗಡಿಯಾರಗಳ ಸರಾಸರಿ ವ್ಯತ್ಯಾಸವು ದಿನಕ್ಕೆ −4ರಿಂದ +6 ಸೆಕೆಂಡುಗಳೊಳಗೆ ಇರಬೇಕು. ಸಾಮಾನ್ಯ ದರ್ಜೆಯ ಗಡಿಯಾರಗಳು ದಿನಕ್ಕೆ 20ರಿಂದ 30 ಸೆಕೆಂಡುಗಳಷ್ಟು ಮುಂದೆ ಅಥವಾ ಹಿಂದೆ ಹೋಗುವುದು ಸಾಮಾನ್ಯ. ಹಲವು ದಶಕ ಹಳೆಯ ಗಡಿಯಾರವು ದಿನಕ್ಕೆ ಒಂದು ನಿಮಿಷದೊಳಗೆ ನಡೆಯುತ್ತಿದ್ದರೆ ಅದನ್ನು ತೃಪ್ತಿಕರವೆಂದೇ ಭಾವಿಸಬಹುದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವುಳ್ಳ ಕ್ವಾರ್ಟ್ಜ್ ಗಡಿಯಾರವು ತಿಂಗಳಿಗೆ ಸುಮಾರು 15 ಸೆಕೆಂಡುಗಳೊಳಗೆ ಇರುವುದರಿಂದ ಅದರೊಂದಿಗೆ ಯಾಂತ್ರಿಕ ಗಡಿಯಾರವನ್ನು ಹೋಲಿಸುವುದು ಸರಿಯಲ್ಲ.

ನಿಖರತೆಗಿಂತ ಸ್ಥಿರತೆ ಹೆಚ್ಚು ಮುಖ್ಯವಾದುದು. ಪ್ರತಿದಿನವೂ ತಪ್ಪದೆ 40 ಸೆಕೆಂಡು ಮುಂದೆ ಹೋಗುವ ಗಡಿಯಾರವು ಆರೋಗ್ಯವಾಗಿದೆ. ಅದನ್ನು ಸುಲಭವಾಗಿ ಹೊಂದಿಸಬಹುದು. ಒಂದು ದಿನ 20 ಸೆಕೆಂಡು ಮುಂದೆ, ಮರುದಿನ 50 ಸೆಕೆಂಡು ಹಿಂದೆ ಹೋಗುವ ಗಡಿಯಾರದ ಒಳಗೆ ಬೇರೇನೋ ದೋಷವಿದೆ.

ಕರ್ನಾಟಕದಲ್ಲಿ ಯಾಂತ್ರಿಕ ಕೈಗಡಿಯಾರಗಳು

ಸಾರ್ವಜನಿಕ ವಲಯದ ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. ಮೊದಲ ತಂಡದ ಗಡಿಯಾರಗಳನ್ನು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಸ್ಥಾಪನೆಯಾಯಿತು. 17 ಕಲ್ಲುಗಳ, ಕೈಯಿಂದ ಕೀಲಿ ಕೊಡುವ ಜನತಾ ಹಾಗೂ ಪೈಲಟ್, ಕೊಹಿನೂರ್, ಸೋನಾ ಮೊದಲಾದ ಮಾದರಿಗಳು ಮದುವೆ, ಉದ್ಯೋಗ ಮತ್ತು ನಿವೃತ್ತಿಯ ಸಂದರ್ಭಗಳ ಉಡುಗೊರೆಯಾಗಿ ರಾಜ್ಯದ ಮನೆಮನೆಗಳನ್ನು ತಲುಪಿದವು. 1980ರ ದಶಕದ ನಂತರ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆಯನ್ನು ಆವರಿಸಿಕೊಂಡವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಅನುಮೋದನೆ ನೀಡಿತು.

ಕಾರ್ಖಾನೆ ಮುಚ್ಚಿದ ಬಳಿಕ ಹಳೆಯ ಗಡಿಯಾರಗಳ ದುರಸ್ತಿಯ ಸ್ವರೂಪವೇ ಬದಲಾಯಿತು. ಅಜಾಗರೂಕತೆಯಿಂದ ಮುರಿದ ಬ್ಯಾಲೆನ್ಸ್ ಅಥವಾ ಸೊಟ್ಟಗಾದ ಹೇರ್‌ಸ್ಪ್ರಿಂಗ್‌ಗೆ ಬದಲಿಯಾಗಿ ದೊರೆಯುವುದು ಹೆಚ್ಚಾಗಿ ಇನ್ನೊಂದು ಹಳೆಯ ಗಡಿಯಾರದಿಂದ ಕಳಚಿದ ಭಾಗ ಮಾತ್ರ. ಆದುದರಿಂದ ಸರಳ ದೋಷವನ್ನು ತಪ್ಪಾಗಿ ಗ್ರಹಿಸಿ ಗಡಿಯಾರವನ್ನು ಬಿಚ್ಚುವುದರಿಂದ ಆಗುವ ಹಾನಿ ಹಿಂದಿಗಿಂತ ದೊಡ್ಡದು.

ವ್ಯತ್ಯಾಸವನ್ನು ಅಳೆಯುವ ಕ್ರಮ

ದೋಷ ಪತ್ತೆಯ ಮೊದಲ ಹಂತ ಅಳತೆ. ಇದಕ್ಕೆ ಕಾಗದ, ಪೆನ್ನು ಮತ್ತು ನಂಬಲರ್ಹ ಸಮಯದ ಮೂಲವೊಂದಿದ್ದರೆ ಸಾಕು. ಭಾರತದ ಪ್ರಮಾಣ ಸಮಯವನ್ನು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಕಾಯ್ದುಕೊಂಡು ಬರುತ್ತಿದೆ. ಅಂತರಜಾಲದ ಮೂಲಕ ಸಮಯ ಹೊಂದಿಸಿಕೊಳ್ಳುವ ಮೊಬೈಲ್ ಫೋನನ್ನು ದಿನಬಳಕೆಯ ಹೋಲಿಕೆಗೆ ಬಳಸಬಹುದು. ಟಿವಿಯಲ್ಲಿ ಕಾಣುವ ಸಮಯವು ಪ್ರಸಾರದಲ್ಲಿ ಕೆಲವು ಸೆಕೆಂಡು ತಡವಾಗುವುದರಿಂದ ಅದು ಸೂಕ್ತವಲ್ಲ.

1. ಬೆಳಗ್ಗೆ ನಿಗದಿತ ವೇಳೆಗೆ ಕೀಲಿಯನ್ನು ಪೂರ್ಣವಾಗಿ ಕೊಟ್ಟು ಗಡಿಯಾರವನ್ನು ಸರಿಯಾದ ಸಮಯಕ್ಕೆ ಹೊಂದಿಸಬೇಕು.
2. 24 ಗಂಟೆಗಳ ನಂತರ, ಮತ್ತೆ ಕೀಲಿ ಕೊಡುವ ಮೊದಲು, ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಇದೆಯೆಂದು ಬರೆದಿಡಬೇಕು.
3. ಮುಳ್ಳುಗಳನ್ನು ಮತ್ತೆ ಸರಿಪಡಿಸದೆ ಏಳು ದಿನ ಹೀಗೆಯೇ ಮುಂದುವರಿಸಬೇಕು.
4. ಒಟ್ಟು ವ್ಯತ್ಯಾಸವನ್ನು ಏಳರಿಂದ ಭಾಗಿಸಿದರೆ ದಿನದ ಸರಾಸರಿ ಸಿಗುತ್ತದೆ. ಏಳು ದಿನಗಳಲ್ಲಿ 3 ನಿಮಿಷ 30 ಸೆಕೆಂಡು ಹಿಂದೆ ಬಿದ್ದ ಗಡಿಯಾರದ ಸರಾಸರಿಯು ದಿನಕ್ಕೆ −30 ಸೆಕೆಂಡು.
5. ಸರಾಸರಿಯ ಜೊತೆಗೆ ಪ್ರತಿದಿನದ ಅಂಕಿಗಳು ಒಂದಕ್ಕೊಂದು ಹತ್ತಿರವಿವೆಯೇ ಎಂಬುದನ್ನೂ ಗಮನಿಸಬೇಕು.

ದುರಸ್ತಿಗಾರರು ಈ ಕೆಲಸಕ್ಕೆ ಟೈಮ್‌ಗ್ರಾಫರ್ ಎಂಬ ಯಂತ್ರವನ್ನು ಬಳಸುತ್ತಾರೆ. ಅದು ಗಡಿಯಾರದ ಸದ್ದನ್ನು ಆಲಿಸಿ ಮೂರು ವಿಷಯಗಳನ್ನು ತಿಳಿಸುತ್ತದೆ: ದಿನದ ವ್ಯತ್ಯಾಸ, ಬ್ಯಾಲೆನ್ಸ್ ತೂಗುವ ಕೋನ ಮತ್ತು ಎಡಬಲ ಮಿಡಿತಗಳ ನಡುವಿನ ಅಂತರ. ಸುಸ್ಥಿತಿಯ ಗಡಿಯಾರದಲ್ಲಿ ಪೂರ್ಣ ಕೀಲಿ ಕೊಟ್ಟು ಮಲಗಿಸಿದಾಗ ತೂಗುವ ಕೋನವು ಸುಮಾರು 270ರಿಂದ 310 ಡಿಗ್ರಿ ಇರುತ್ತದೆ. ಇದು 200 ಡಿಗ್ರಿಗಿಂತ ಕೆಳಗಿಳಿದರೆ ಗಡಿಯಾರಕ್ಕೆ ಸರ್ವಿಸ್ ಬೇಕೆಂದು ಅರ್ಥ.

ಲಕ್ಷಣಗಳು ಮತ್ತು ಕಾರಣಗಳು

ಇದ್ದಕ್ಕಿದ್ದಂತೆ ಬಹಳ ವೇಗವಾಗಿ ಓಡುವುದು

ಸರಿಯಾಗಿ ನಡೆಯುತ್ತಿದ್ದ ಗಡಿಯಾರವು ಒಂದು ದಿನ ಹಠಾತ್ತಾಗಿ ಹಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲು ಸಂಶಯಿಸಬೇಕಾದುದು ಕಾಂತಪ್ರಭಾವವನ್ನು. ಕಾಂತೀಯಗೊಂಡ ಹೇರ್‌ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸುರುಳಿಯ ಕಾರ್ಯಕಾರಿ ಉದ್ದ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಧ್ವನಿವರ್ಧಕಗಳು, ಮೊಬೈಲ್ ಫೋನಿನ ಸ್ಪೀಕರ್, ಅಯಸ್ಕಾಂತದ ಗುಂಡಿಯುಳ್ಳ ಪರ್ಸು ಮತ್ತು ಫೋನ್ ಕವಚ, ಇಂಡಕ್ಷನ್ ಒಲೆ ಮುಂತಾದವು ಇದಕ್ಕೆ ಕಾರಣವಾಗಬಲ್ಲವು. ರಾತ್ರಿ ಗಡಿಯಾರವನ್ನು ಫೋನಿನ ಮೇಲೆಯೇ ಇರಿಸುವ ಅಭ್ಯಾಸವೂ ಒಳ್ಳೆಯದಲ್ಲ.

ಸಾಮಾನ್ಯ ದಿಕ್ಸೂಚಿಯನ್ನು ಗಡಿಯಾರದ ಹತ್ತಿರ ನಿಧಾನವಾಗಿ ಸರಿಸಿದಾಗ ಅದರ ಮುಳ್ಳು ಗಣನೀಯವಾಗಿ ತಿರುಗಿದರೆ ಅಥವಾ ಅದುರಿದರೆ ಕಾಂತಪ್ರಭಾವವಿದೆಯೆಂದು ತಿಳಿಯಬಹುದು. ಇದರ ಪರಿಹಾರ ಸುಲಭ. ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಡಿಮ್ಯಾಗ್ನೆಟೈಸರ್ ಎಂಬ ಸಣ್ಣ ಉಪಕರಣದಿಂದ ಗಡಿಯಾರವನ್ನು ಬಿಚ್ಚದೆಯೇ ಕೆಲವು ಸೆಕೆಂಡುಗಳಲ್ಲಿ ಕಾಂತತ್ವವನ್ನು ತೆಗೆಯಬಹುದು. ಉಪಕರಣ ಚಾಲನೆಯಲ್ಲಿರುವಾಗಲೇ ಗಡಿಯಾರವನ್ನು ನಿಧಾನವಾಗಿ ದೂರ ಸರಿಸುವುದು ಇಲ್ಲಿನ ಮುಖ್ಯ ನಿಯಮ.

ಕಾಂತಪ್ರಭಾವವಿಲ್ಲದಿದ್ದರೆ ಕಾರಣ ಎರಡರಲ್ಲೊಂದು: ಪೆಟ್ಟು ಬಿದ್ದು ಸುರುಳಿಯ ಸುತ್ತೊಂದು ಪಕ್ಕದ ಭಾಗಕ್ಕೆ ಸಿಕ್ಕಿಕೊಂಡಿರಬಹುದು, ಇಲ್ಲವೇ ಸುರುಳಿಯ ಮೇಲೆ ಎಣ್ಣೆ ಹರಡಿ ಸುತ್ತುಗಳು ಅಂಟಿರಬಹುದು. ಇವೆರಡೂ ನುರಿತ ದುರಸ್ತಿಗಾರರ ಕೆಲಸಗಳು.

ಕ್ರಮೇಣ ನಿಧಾನವಾಗುವುದು

ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಹಿಂದೆ ಬೀಳುವ ಗಡಿಯಾರದಲ್ಲಿ ಸಾಮಾನ್ಯವಾಗಿ ಎಣ್ಣೆ ಒಣಗಿರುತ್ತದೆ ಅಥವಾ ಧೂಳಿನೊಂದಿಗೆ ಬೆರೆತು ಗಟ್ಟಿಯಾಗಿರುತ್ತದೆ. ಘರ್ಷಣೆ ಹೆಚ್ಚಿ ಬ್ಯಾಲೆನ್ಸ್ ತೂಗುವ ಕೋನ ಕುಗ್ಗುತ್ತದೆ. ಬೆಳಗ್ಗೆ ಕೀಲಿ ಕೊಟ್ಟ ನಂತರ ಕೆಲವು ಗಂಟೆ ಸರಿಯಾಗಿ ನಡೆದು ಸಂಜೆಯಿಂದ ಹಿಂದೆ ಬೀಳುವುದು, ಪೂರ್ಣ ಕೀಲಿ ಕೊಟ್ಟರೂ 24 ಗಂಟೆ ತಲುಪುವ ಮೊದಲೇ ನಿಲ್ಲುವುದು ಇದರ ಗುರುತುಗಳು.

ತಾನಾಗಿ ಕೀಲಿ ಪಡೆಯುವ ಗಡಿಯಾರಗಳಲ್ಲಿ ಇನ್ನೊಂದು ಸಾಧ್ಯತೆಯಿದೆ. ಧರಿಸಿದವರು ದಿನದ ಬಹುಭಾಗ ಕುಳಿತೇ ಇದ್ದರೆ ಸ್ಪ್ರಿಂಗ್ ಪೂರ್ಣ ಬಿಗಿಯಾಗುವುದಿಲ್ಲ. ಕೈಯಿಂದ ಕೀಲಿ ಕೊಡುವ ಸೌಲಭ್ಯವಿರುವ ಮಾದರಿಯಾದರೆ ಪೂರ್ಣ ಕೀಲಿ ಕೊಟ್ಟು ಒಂದು ವಾರ ಪರೀಕ್ಷಿಸಿದ ನಂತರವೇ ದೋಷವಿದೆಯೆಂದು ತೀರ್ಮಾನಿಸಬೇಕು.

ಸೆಕೆಂಡಿನ ಮುಳ್ಳು ಸರಿ, ನಿಮಿಷದ ಮುಳ್ಳು ಹಿಂದೆ

ಸೆಕೆಂಡಿನ ಮುಳ್ಳು ಸರಿಯಾದ ಸಮಯಕ್ಕೆ 60ನ್ನು ದಾಟುತ್ತಿದ್ದು ನಿಮಿಷದ ಮುಳ್ಳು ಮಾತ್ರ ಹಿಂದೆ ಬೀಳುತ್ತಿದ್ದರೆ ಯಂತ್ರದ ವೇಗದಲ್ಲಿ ದೋಷವಿಲ್ಲ. ನಿಮಿಷದ ಮುಳ್ಳನ್ನು ಹೊತ್ತಿರುವ ಕೊಳವೆಯಾಕಾರದ ಕ್ಯಾನನ್ ಪಿನಿಯನ್ ಸಡಿಲವಾಗಿ ಜಾರುತ್ತಿರುತ್ತದೆ. ಮುಳ್ಳುಗಳನ್ನು ಹೊಂದಿಸುವಾಗ ಕೀಲಿಗುಂಡಿಯು ಯಾವ ತಡೆಯೂ ಇಲ್ಲದೆ ತೀರಾ ಹಗುರವಾಗಿ ತಿರುಗುವುದು ಇದನ್ನು ದೃಢಪಡಿಸುತ್ತದೆ. ಇಂತಹ ಗಡಿಯಾರದ ವೇಗನಿಯಂತ್ರಕವನ್ನು ಎಷ್ಟು ಸರಿಸಿದರೂ ಪ್ರಯೋಜನವಿಲ್ಲ.

ಒಂದೇ ಸಮಯದಲ್ಲಿ ನಿಲ್ಲುವುದು

ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಸಮಯ ತೋರಿಸುತ್ತ ನಿಲ್ಲುವ ಗಡಿಯಾರದಲ್ಲಿ ಮುಳ್ಳುಗಳು ಒಂದಕ್ಕೊಂದು ಅಥವಾ ಗಾಜಿಗೆ ತಾಗುತ್ತಿರಬಹುದು. ಮಧ್ಯರಾತ್ರಿಯ ಆಸುಪಾಸಿನಲ್ಲಿ ನಿಂತರೆ ದಿನಾಂಕ ಬದಲಿಸುವ ಭಾಗವನ್ನು ಪರೀಕ್ಷಿಸಬೇಕು. ರಾತ್ರಿ 9ರಿಂದ ನಸುಕಿನ 3 ಗಂಟೆಯ ನಡುವೆ ದಿನಾಂಕವನ್ನು ಕೀಲಿಗುಂಡಿಯಿಂದ ನೇರವಾಗಿ ಬದಲಿಸಿದರೆ ಈ ಭಾಗದ ಹಲ್ಲುಗಳು ಮುರಿಯುವ ಸಂಭವವಿದೆ.

ಇರಿಸುವ ಭಂಗಿಗೆ ತಕ್ಕಂತೆ ಬದಲಾಗುವುದು

ಗಡಿಯಾರವನ್ನು ಮಲಗಿಸಿದಾಗ ಬ್ಯಾಲೆನ್ಸ್ ತನ್ನ ಅಚ್ಚಿನ ತುದಿಯ ಮೇಲೆ ನಿಲ್ಲುತ್ತದೆ. ಲಂಬವಾಗಿ ಇರಿಸಿದಾಗ ಅಚ್ಚಿನ ಬದಿಗಳು ಕಲ್ಲಿಗೆ ತಾಗುತ್ತವೆ. ಘರ್ಷಣೆ ಬೇರೆಯಾಗುವುದರಿಂದ ವೇಗವೂ ಸ್ವಲ್ಪ ಬದಲಾಗುತ್ತದೆ. ಭಂಗಿಗಳ ನಡುವೆ ಕೆಲವು ಸೆಕೆಂಡುಗಳ ಅಂತರ ಸಹಜ. ರಾತ್ರಿ ಇರಿಸುವ ಭಂಗಿಯನ್ನು ಬದಲಿಸಿ ಹಗಲಿನ ವ್ಯತ್ಯಾಸವನ್ನು ಸರಿದೂಗಿಸುವುದೂ ಉಂಟು. ಡಯಲ್ ಮೇಲ್ಮುಖವಾಗಿ, ಕೀಲಿಗುಂಡಿ ಮೇಲೆ, ಕೀಲಿಗುಂಡಿ ಕೆಳಗೆ ಹೀಗೆ ಒಂದೊಂದು ರಾತ್ರಿ ಇರಿಸಿ ಅಂಕಿಗಳನ್ನು ಬರೆದುಕೊಂಡರೆ ಸೂಕ್ತ ಭಂಗಿ ತಿಳಿಯುತ್ತದೆ. ಅಂತರವು ಒಂದು ನಿಮಿಷವನ್ನು ಮೀರಿದರೆ ಅಚ್ಚು ಸವೆದಿರುವ ಅಥವಾ ಬ್ಯಾಲೆನ್ಸ್‌ನ ತೂಕ ಒಂದೆಡೆಗೆ ವಾಲಿರುವ ಸಂಭವವಿದೆ.

ಕರಾವಳಿ ಮತ್ತು ಘಟ್ಟದ ತಪ್ಪಲಿನ ಪರಿಸ್ಥಿತಿ

ನೇತ್ರಾವತಿ ದಂಡೆಯ ಬಂಟ್ವಾಳ, ಪಶ್ಚಿಮಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ಮತ್ತು ಮೂಡುಬಿದಿರೆಗಳನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಇಂತಹ ಪ್ರದೇಶದಲ್ಲಿ ಯಾಂತ್ರಿಕ ಗಡಿಯಾರದ ಮುಖ್ಯ ಶತ್ರು ತೇವಾಂಶ.

ಹಳೆಯ ಗಡಿಯಾರಗಳ ಹಿಂಬದಿ ಮುಚ್ಚಳದ ರಬ್ಬರ್ ಉಂಗುರವು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕೀಲಿಗುಂಡಿಯ ಬದಿಯಿಂದಲೂ ನೀರಾವಿ ಮತ್ತು ಬೆವರು ಒಳಸೇರುತ್ತವೆ. ಕೀಲಿಗುಂಡಿಗೆ ಜೋಡಿಸಿರುವ ಉಕ್ಕಿನ ಕಡ್ಡಿ ಹಾಗೂ ಅದರ ಸುತ್ತಲಿನ ಭಾಗಗಳಿಗೆ ಮೊದಲು ತುಕ್ಕು ಹಿಡಿಯುವುದು ಇದೇ ಕಾರಣದಿಂದ. ತುಕ್ಕಿನ ಪುಡಿ ಹಲ್ಲುಚಕ್ರಗಳ ನಡುವೆ ಸೇರಿದರೆ ಗಡಿಯಾರ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಗಾಜಿನ ಒಳಬದಿಯಲ್ಲಿ ಮಂಜು ಕಾಣಿಸಿಕೊಂಡರೆ ಅದು ತಾನಾಗಿ ಆರುವವರೆಗೆ ಕಾಯಬಾರದು. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವುದರಿಂದ ಒಳಗಿನ ನೀರು ಬೇಗ ಹೊರಬರುವುದಿಲ್ಲ. ಒಂದೆರಡು ದಿನಗಳೊಳಗೆ ಮುಚ್ಚಳ ತೆಗೆಸಿ ಒಣಗಿಸಿದರೆ ಯಂತ್ರ ಉಳಿಯುತ್ತದೆ.

ಬೇಸಿಗೆಯ ತೊಂದರೆ ಬೇರೆ ಬಗೆಯದು. ಮುರಕಲ್ಲಿನ ಕೋರೆಗಳ ಮತ್ತು ಮಣ್ಣು ರಸ್ತೆಗಳ ಕೆಂಪು ಧೂಳು ಸಡಿಲ ಮುಚ್ಚಳದ ಮೂಲಕ ಒಳಸೇರಿ ಎಣ್ಣೆಯೊಂದಿಗೆ ಬೆರೆಯುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವಾಗ, ಕಟ್ಟಿಗೆ ಒಡೆಯುವಾಗ, ವಾಲಿಬಾಲ್ ಆಡುವಾಗ ಮಣಿಕಟ್ಟಿಗೆ ಬೀಳುವ ಆಘಾತವು ಬ್ಯಾಲೆನ್ಸ್‌ನ ಸೂಕ್ಷ್ಮ ಅಚ್ಚಿಗೆ ತಲುಪುತ್ತದೆ. ಎಚ್‌ಎಂಟಿ ಗಡಿಯಾರಗಳ ಡಯಲ್ ಮೇಲಿರುವ ಪ್ಯಾರಾಶಾಕ್ ಎಂಬ ಬರಹವು ಈ ಅಚ್ಚನ್ನು ಕಾಯುವ ಸ್ಪ್ರಿಂಗ್ ವ್ಯವಸ್ಥೆಯನ್ನು ಸೂಚಿಸುತ್ತದೆ. ಅದು ಅಚ್ಚು ಮುರಿಯುವ ಸಂಭವವನ್ನು ಕಡಿಮೆ ಮಾಡುತ್ತದೆಯೇ ಹೊರತು ಎಲ್ಲ ಆಘಾತಗಳನ್ನೂ ತಡೆಯುವುದಿಲ್ಲ.

ಉಷ್ಣತೆಯ ಪ್ರಭಾವವು ಹಿಂದಿನ ಕಾಲದಷ್ಟು ಗಂಭೀರವಲ್ಲ. ಸಾಧಾರಣ ಉಕ್ಕಿನ ಹೇರ್‌ಸ್ಪ್ರಿಂಗ್ ಇದ್ದ ಗಡಿಯಾರಗಳು ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತಿದ್ದವು. ಉಷ್ಣತೆಗೆ ಬಗ್ಗದ ನಿಕ್ಕಲ್ ಉಕ್ಕಿನ ಮಿಶ್ರಲೋಹಗಳನ್ನು ಸಂಶೋಧಿಸಿದ ಚಾರ್ಲ್ಸ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಅಂತಹ ಮಿಶ್ರಲೋಹಗಳ ಬಳಕೆಯಿಂದ ಈ ದೋಷ ಬಹುಮಟ್ಟಿಗೆ ನೀಗಿದೆ.

ವೇಗವನ್ನು ಹೊಂದಿಸುವುದು

ಹಿಂಬದಿಯ ಮುಚ್ಚಳ ತೆಗೆದಾಗ ಬ್ಯಾಲೆನ್ಸ್‌ನ ಮೇಲೆ ಒಂದು ಪುಟ್ಟ ಕಡ್ಡಿ ಕಾಣುತ್ತದೆ. ಇದೇ ವೇಗನಿಯಂತ್ರಕ. ಅದರ ಬಳಿ + ಮತ್ತು − ಚಿಹ್ನೆಗಳು, ಇಲ್ಲವೇ ವೇಗ ಮತ್ತು ನಿಧಾನವನ್ನು ಸೂಚಿಸುವ ಅಕ್ಷರಗಳು ಇರುತ್ತವೆ. + ಕಡೆಗೆ ಸರಿಸಿದರೆ ಸುರುಳಿಯ ಕಾರ್ಯಕಾರಿ ಉದ್ದ ಕಡಿಮೆಯಾಗಿ ಗಡಿಯಾರ ವೇಗವಾಗುತ್ತದೆ. − ಕಡೆಗೆ ಸರಿಸಿದರೆ ನಿಧಾನವಾಗುತ್ತದೆ. ಕಣ್ಣಿಗೆ ಕಾಣಿಸದಷ್ಟು ಸರಿಸಿದರೂ ದಿನಕ್ಕೆ ಹಲವು ಸೆಕೆಂಡುಗಳ ಬದಲಾವಣೆಯಾಗುತ್ತದೆ. ಹತ್ತಿರದಲ್ಲೇ ಇರುವ ಇನ್ನೊಂದು ಕಡ್ಡಿ ಎಡಬಲ ಮಿಡಿತಗಳ ಸಮತೆಗೆ ಸಂಬಂಧಿಸಿದ್ದು, ಅದನ್ನು ಟೈಮ್‌ಗ್ರಾಫರ್ ಇಲ್ಲದೆ ಮುಟ್ಟಬಾರದು. ಉಪಕರಣ ಜಾರಿ ಹೇರ್‌ಸ್ಪ್ರಿಂಗ್‌ಗೆ ತಾಗಿದರೆ ಅದು ಮತ್ತೆ ಮೊದಲಿನ ಆಕಾರಕ್ಕೆ ಬರುವುದು ಕಷ್ಟ. ಆದ್ದರಿಂದ ಈ ಕೆಲಸವನ್ನು ಅನುಭವಿಗಳಿಗೆ ಬಿಡುವುದು ಲೇಸು.

ವೇಗನಿಯಂತ್ರಕವು ಸ್ಥಿರವಾದ ವ್ಯತ್ಯಾಸವನ್ನು ಮಾತ್ರ ಸರಿಪಡಿಸಬಲ್ಲದು. ಎಣ್ಣೆ ಒಣಗಿ ಹಿಂದೆ ಬೀಳುತ್ತಿರುವ ಗಡಿಯಾರವನ್ನು + ಕಡೆಗೆ ಸರಿಸಿದರೆ ಕೆಲವು ವಾರ ಸಮಯ ಸರಿಯಾದಂತೆ ಕಾಣುತ್ತದೆ. ಅಷ್ಟರಲ್ಲಿ ಎಣ್ಣೆಯಿಲ್ಲದ ಅಚ್ಚುಗಳು ಸವೆಯುತ್ತಲೇ ಇರುತ್ತವೆ. ದೋಷವು ಮರೆಯಾಗಿ ಹಾನಿ ಮುಂದುವರಿಯುತ್ತದೆ. ಅಂತೆಯೇ ಕಾಂತೀಯಗೊಂಡ ಗಡಿಯಾರವನ್ನು − ಕಡೆಗೆ ಎಳೆದಿದ್ದರೆ ಮುಂದೆ ಕಾಂತತ್ವ ತೆಗೆದ ದಿನದಿಂದ ಅದು ವಿಪರೀತ ಹಿಂದೆ ಬೀಳುತ್ತದೆ.

ಸರ್ವಿಸ್ ಮತ್ತು ಬಿಡಿಭಾಗಗಳು

ನಿತ್ಯ ಬಳಸುವ ಯಾಂತ್ರಿಕ ಗಡಿಯಾರಕ್ಕೆ ಸಾಮಾನ್ಯವಾಗಿ ನಾಲ್ಕೈದು ವರ್ಷಗಳಿಗೊಮ್ಮೆ ಸರ್ವಿಸ್ ಬೇಕು. ಪೂರ್ಣ ಸರ್ವಿಸ್ ಎಂದರೆ ಎಲ್ಲ ಭಾಗಗಳನ್ನು ಕಳಚಿ, ತೊಳೆದು, ಒಣಗಿಸಿ, ನಿಗದಿತ ಜಾಗಗಳಿಗೆ ಮಾತ್ರ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಹಾಕಿ ಮತ್ತೆ ಜೋಡಿಸುವುದು. ಮುಚ್ಚಳ ತೆಗೆದು ಮೇಲಿಂದ ಎಣ್ಣೆ ಬಿಡುವುದು ಸರ್ವಿಸ್ ಅಲ್ಲ. ಹೊಲಿಗೆ ಯಂತ್ರದ ಎಣ್ಣೆ ಹರಡಿಕೊಂಡು ಹೇರ್‌ಸ್ಪ್ರಿಂಗನ್ನು ತಲುಪುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇವೆರಡೂ ಗಡಿಯಾರಕ್ಕೆ ಹಾನಿಕರ.

ಬಳಸದೆ ವರ್ಷಗಟ್ಟಲೆ ಕಪಾಟಿನಲ್ಲಿರಿಸಿದ ಗಡಿಯಾರದ ಎಣ್ಣೆಯೂ ಒಣಗುತ್ತದೆ. ಅಂತಹ ಗಡಿಯಾರಕ್ಕೆ ಕೀಲಿ ಕೊಟ್ಟೊಡನೆ ನಡೆದರೂ ಸರ್ವಿಸ್ ಮಾಡಿಸಿದ ನಂತರವೇ ನಿತ್ಯ ಬಳಸುವುದು ಸೂಕ್ತ.

ಹೊಸದರಂತೆ ಕಾಣುವ, ಅಗ್ಗದ ಬೆಲೆಯ ಹಳೆಯ ಎಚ್‌ಎಂಟಿ ಗಡಿಯಾರಗಳಲ್ಲಿ ಹಲವು ಹೊಸದಾಗಿ ಬಣ್ಣ ಹಾಕಿದ ಡಯಲ್ ಮತ್ತು ಬೇರೆಬೇರೆ ಗಡಿಯಾರಗಳಿಂದ ಕೂಡಿಸಿದ ಭಾಗಗಳನ್ನು ಹೊಂದಿರುತ್ತವೆ. ಬಿಡಿಭಾಗಗಳು ಒಂದಕ್ಕೊಂದು ಹೊಂದದಿದ್ದರೆ ಎಷ್ಟು ಸರ್ವಿಸ್ ಮಾಡಿದರೂ ಸಮಯ ಸ್ಥಿರವಾಗುವುದಿಲ್ಲ. ಮನೆಯಲ್ಲಿ ಹಿಂದಿನಿಂದಲೂ ಉಳಿದುಬಂದ ಗಡಿಯಾರವು ಗೀರುಬಿದ್ದ ಗಾಜು ಮತ್ತು ಮಾಸಿದ ಡಯಲ್ ಹೊಂದಿದ್ದರೂ ಮೂಲ ಯಂತ್ರ ಉಳಿದಿದ್ದರೆ ದುರಸ್ತಿಗೆ ಹೆಚ್ಚು ಯೋಗ್ಯ.

ದುರಸ್ತಿಗೆ ಕೊಡುವಾಗ ಏಳು ದಿನಗಳ ಅಂಕಿಗಳ ಪಟ್ಟಿಯನ್ನೂ ಜೊತೆಗೆ ಕೊಡುವುದು ಉಪಯುಕ್ತ. ಯಾವ ಹೊತ್ತಿನಲ್ಲಿ, ಯಾವ ಭಂಗಿಯಲ್ಲಿ, ಎಷ್ಟು ವ್ಯತ್ಯಾಸ ಎಂಬ ವಿವರವಿದ್ದರೆ ಅನಗತ್ಯವಾಗಿ ಭಾಗಗಳನ್ನು ಬದಲಿಸುವುದು ತಪ್ಪುತ್ತದೆ.

ದೈನಂದಿನ ಬಳಕೆಯ ಕ್ರಮ

- ಪ್ರತಿದಿನ ಒಂದೇ ಹೊತ್ತಿಗೆ, ಸಾಧ್ಯವಾದರೆ ಬೆಳಗ್ಗೆ, ಗಡಿಯಾರವನ್ನು ಕೈಯಿಂದ ಕಳಚಿ ಕೀಲಿ ಕೊಡಬೇಕು. ಕೈಯಲ್ಲಿರುವಾಗಲೇ ಕೊಟ್ಟರೆ ಕೀಲಿಗುಂಡಿಯ ಕಡ್ಡಿ ಬಾಗುತ್ತದೆ.
- ತಡೆ ಸಿಕ್ಕಿದ ಕೂಡಲೇ ನಿಲ್ಲಿಸಬೇಕು. ಪೂರ್ಣ ಕೀಲಿ ಕೊಟ್ಟರೆ ಗಡಿಯಾರ ಕೆಡುತ್ತದೆಂಬ ನಂಬಿಕೆ ಸರಿಯಲ್ಲ. ಅರ್ಧ ಕೀಲಿಯಲ್ಲಿ ನಡೆಸಿದರೆ ಸಮಯ ಏರುಪೇರಾಗುತ್ತದೆ.
- ಮಳೆಗಾಲದಲ್ಲಿ ಒದ್ದೆಯಾದ ಪಟ್ಟಿಯನ್ನು ಕಳಚಿ ಒಣಗಿಸಬೇಕು. ಬೆವರಿದ ಹಿಂಬದಿಯನ್ನು ಒಣ ಬಟ್ಟೆಯಿಂದ ಒರೆಸಬೇಕು.
- ಕೀಲಿಗುಂಡಿಯನ್ನು ಹೊರಗೆಳೆದ ಸ್ಥಿತಿಯಲ್ಲಿ ಬಿಡಬಾರದು.
- ಧ್ವನಿವರ್ಧಕ, ಫೋನ್ ಮತ್ತು ಅಯಸ್ಕಾಂತವಿರುವ ವಸ್ತುಗಳಿಂದ ದೂರವಿರಿಸಬೇಕು.
- ಬಳಸದ ಗಡಿಯಾರಕ್ಕೂ ತಿಂಗಳಿಗೊಮ್ಮೆ ಕೀಲಿ ಕೊಟ್ಟು ಒಂದು ದಿನ ನಡೆಸಿ, ಅದರ ವ್ಯತ್ಯಾಸವನ್ನು ಬರೆದಿಡುವುದು ಒಳ್ಳೆಯದು. ಅಂಕಿಗಳಲ್ಲಿ ಬದಲಾವಣೆ ಕಾಣತೊಡಗಿದರೆ ಸರ್ವಿಸ್‌ನ ಕಾಲ ಸಮೀಪಿಸಿದೆಯೆಂದು ತಿಳಿಯಬಹುದು.